1917ರ ಸ್ಯಾಕ್ಸನಿ 3 ಮಾರ್ಕ್: ನೂರೇ ನೂರು ಹೊಡೆದ ಬೆಳ್ಳಿ ನಾಣ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶಿ ನಾಣ್ಯ ಕೂಡಿಡುವವರ ವಾಟ್ಸಾಪ್ ಗುಂಪುಗಳಲ್ಲಿ ಈ ನಾಣ್ಯದ ಫೋಟೋ ಆಗಾಗ ಬರುತ್ತಲೇ ಇರುತ್ತದೆ. ಜೊತೆಗೆ ಒಂದು ಸಾಲು: "ನನ್ನ ಹತ್ರ ಇದೆ, ಎಷ್ಟಕ್ಕೆ ಹೋಗುತ್ತೆ?" ಕೇಳುವವರಿಗೆ ಬೇಸರ ಮಾಡಬೇಕು ಅಂತಲ್ಲ, ಆದರೆ ಉತ್ತರ ಹೆಚ್ಚುಕಡಿಮೆ ಒಂದೇ: ಅದು ಬಹುತೇಕ ನಕಲಿ. ಬೆಲೆಯ ಮಾತು ಹಾಗಿರಲಿ, ಈ ನಾಣ್ಯದ ಹಿಂದಿನ ಕಥೆ ಬಲು ಸ್ವಾರಸ್ಯದ್ದು. ಹಾಗಾಗಿ ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲಿಗೆ, ಇದು ಯಾವ ನಾಣ್ಯ?

ಜರ್ಮನ್ ಸಾಮ್ರಾಜ್ಯದ ಕಾಲದ ಬೆಳ್ಳಿ 3 ಮಾರ್ಕ್. ಮಾರ್ಕ್ ಅಂದರೆ ಆಗಿನ ಜರ್ಮನ್ ಹಣ, 100 ಫೆನಿಗ್‌ಗೆ 1 ಮಾರ್ಕ್. ಹೊಡೆಸಿದ್ದು ಆ ಸಾಮ್ರಾಜ್ಯದೊಳಗಿನ ಸ್ಯಾಕ್ಸನಿ ರಾಜ್ಯ. ಇಸವಿ 1917. ಮಾರ್ಟಿನ್ ಲೂಥರ್ ಅನ್ನುವ ಪಾದ್ರಿ 1517ರಲ್ಲಿ ವಿಟೆನ್‌ಬರ್ಗ್ ಊರಿನಲ್ಲಿ ಕ್ಯಾಥೊಲಿಕ್ ಚರ್ಚಿನ ವಿರುದ್ಧ ಶುರು ಮಾಡಿದ ಧರ್ಮ ಸುಧಾರಣೆಗೆ 400 ವರ್ಷ ತುಂಬಿದ ನೆನಪಿಗೆ ಇದನ್ನು ತಂದರು. ಒಂದು ಬದಿಯಲ್ಲಿ ಲೂಥರ್‌ಗೆ ಆಸರೆ ಕೊಟ್ಟ ದೊರೆ ಫ್ರೀಡ್ರಿಖ್‌ನ ಮುಖ. 'ಜಾಣ ಫ್ರೀಡ್ರಿಖ್' ಅಂತಲೇ ಅವನು ಹೆಸರುವಾಸಿ. ಇನ್ನೊಂದು ಬದಿಯಲ್ಲಿ ಸಾಮ್ರಾಜ್ಯದ ಹದ್ದು. ಹೊಡೆದದ್ದು 100 ನಾಣ್ಯ ಮಾತ್ರ. ನೂರು ಸಾವಿರವಲ್ಲ, ಬರೀ ನೂರು. ನಮ್ಮ ಕಡೆ ಮದುವೆ ಊಟದ ಒಂದು ಪಂಕ್ತಿಗೆ ತಲೆಗೊಂದರಂತೆ ಹಂಚಿದರೆ ಖಾಲಿ.

'ಯೇಗರ್ 141' ಅಂತ ಎಲ್ಲರೂ ಬರೆಯುತ್ತಾರಲ್ಲ, ಅದೇನು?

ಕುರ್ಟ್ ಯೇಗರ್ ಅನ್ನುವವರು 1871ರಿಂದ ಈಚಿನ ಜರ್ಮನ್ ನಾಣ್ಯಗಳಿಗೆ ಒಂದು ಕ್ಯಾಟಲಾಗ್ ಮಾಡಿದರು. ಅದರಲ್ಲಿ ಪ್ರತಿ ನಾಣ್ಯಕ್ಕೂ ಒಂದು ನಂಬರು. ಜರ್ಮನ್ ನಾಣ್ಯದ ವ್ಯಾಪಾರವೆಲ್ಲ ನಡೆಯುವುದು ಈ ನಂಬರಿನ ಮೇಲೆಯೇ. ನಮ್ಮ ನಾಣ್ಯದ್ದು 141.

ಇದರ ಹಿಂದಿನ ನಂಬರು 140 ಯಾವುದು ಗೊತ್ತಾ? ಅದೂ ಸ್ಯಾಕ್ಸನಿಯ 3 ಮಾರ್ಕ್ ನಾಣ್ಯವೇ. 1913ರದ್ದು, ಲೈಪ್‌ಜಿಗ್ ಕದನದ ಸ್ಮಾರಕದ ಚಿತ್ರ ಇರುವುದು. ಅದನ್ನು ಸುಮಾರು 10 ಲಕ್ಷ ಹೊಡೆದರು. ಇವತ್ತಿಗೂ ಸಾಮ್ರಾಜ್ಯ ಕಾಲದ ಬೆಳ್ಳಿ ನಾಣ್ಯಗಳಲ್ಲಿ ತೀರಾ ಸುಲಭವಾಗಿ ಸಿಗುವುದರಲ್ಲಿ ಅದೂ ಒಂದು. ಅದೇ ರಾಜ್ಯ, ಅದೇ ಟಂಕಸಾಲೆ, ಅದೇ ತೂಕ, ನಾಲ್ಕೇ ವರ್ಷದ ಅಂತರ. ಒಂದು ಎಲ್ಲರ ಹತ್ರವೂ ಇದೆ, ಇನ್ನೊಂದನ್ನು ಕಣ್ಣಾರೆ ಕಂಡವರೇ ಕಡಿಮೆ. ಕ್ಯಾಟಲಾಗ್‌ನಲ್ಲಿ ಮಾತ್ರ ಅಕ್ಕಪಕ್ಕದ ಮನೆ.

ಬರೀ 100 ಅಂದಮೇಲೆ ಇದು ಮಾದರಿ ನಾಣ್ಯವೇ ಇರಬೇಕು, ಅಲ್ವಾ?

ಅಲ್ಲ. ತುಂಬಾ ಜನ ಹಾಗೆ ಅಂದುಕೊಂಡಿದ್ದಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾದರಿ ನಾಣ್ಯವನ್ನು ಜರ್ಮನ್ನರು 'ಪ್ರೋಬ' ಅನ್ನುತ್ತಾರೆ. ಹೊಸ ನಾಣ್ಯ ತರುವ ಮುಂಚೆ ವಿನ್ಯಾಸ ಹೇಗೆ ಕಾಣುತ್ತೆ, ಲೋಹ ಹೇಗೆ ಬಾಗುತ್ತೆ, ಅಚ್ಚು ಎಷ್ಟು ದಿನ ಬಾಳುತ್ತೆ ಅಂತ ನೋಡಲು ಟಂಕಸಾಲೆಯವರು ಕೆಲವೇ ಕೆಲವು ಹೊಡೆದು ನೋಡುತ್ತಾರೆ. ಮೊದಲ ಮಹಾಯುದ್ಧದ ಹೊತ್ತಿಗೆ ನಿಕ್ಕಲ್, ತಾಮ್ರ ಎಲ್ಲ ಮದ್ದುಗುಂಡಿಗೆ ಬೇಕಾಯಿತು. 5 ಮತ್ತು 10 ಫೆನಿಗ್ ನಾಣ್ಯಗಳನ್ನು ಕಬ್ಬಿಣಕ್ಕೆ ಇಳಿಸಿದರು. ಆ ದಿನಗಳಲ್ಲಿ ಬೇರೆ ಬೇರೆ ಲೋಹದಲ್ಲಿ ಹೊಡೆದು ನೋಡಿದ ಮಾದರಿಗಳು ಇವತ್ತು ಹರಾಜಿಗೆ ಬರುತ್ತವೆ. ಅವು ಟಂಕಸಾಲೆಯ ಪ್ರೋಬಗಳು.

ಇನ್ನೊಂದು ಜಾತಿಯೂ ಇದೆ. ಮ್ಯೂನಿಕ್‌ನ ಪದಕ ಕಲಾವಿದ ಕಾರ್ಲ್ ಗೋಟ್ಸ್ (1875–1950) 1913ರಿಂದ ಮುಂದಕ್ಕೆ ತನ್ನದೇ ವಿನ್ಯಾಸದ ನಾಣ್ಯ ಮಾದರಿಗಳನ್ನು ಬೆಳ್ಳಿ, ತಾಮ್ರ ಅಂತ ಬಗೆಬಗೆಯ ಲೋಹದಲ್ಲಿ ಮಾಡಿಸಿದ. ಸರ್ಕಾರ ಕೇಳಿರಲಿಲ್ಲ, ಕೊನೆಗೆ ಒಪ್ಪಲೂ ಇಲ್ಲ. ಆದರೂ ನೋಡಲು ಬಲು ಚೆಂದ, ಕೊಳ್ಳುವವರೂ ಇದ್ದಾರೆ. 1915ರಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಬ್ರಿಟಿಷ್ ಪ್ರಯಾಣಿಕರ ಹಡಗು ಲುಸಿಟಾನಿಯದ ಬಗ್ಗೆ ಪದಕ ಮಾಡಿ, ದಿನಾಂಕವನ್ನು ಮೇ 7ರ ಬದಲು ಮೇ 5 ಅಂತ ಹಾಕಿ, ಎಲ್ಲ ಮೊದಲೇ ಗೊತ್ತಿತ್ತು ಅನ್ನಿಸುವಂತೆ ಮಾಡಿ, ಬ್ರಿಟಿಷರ ಪ್ರಚಾರಕ್ಕೆ ಪುಕ್ಕಟೆ ಸರಕು ಒದಗಿಸಿದ ಪುಣ್ಯಾತ್ಮ ಇವನೇ.

ನಮ್ಮ 1917ರ 3 ಮಾರ್ಕ್ ಈ ಎರಡಕ್ಕೂ ಸೇರಿದ್ದಲ್ಲ. ಅದು ಪ್ರಯೋಗವೂ ಅಲ್ಲ, ಖಾಸಗಿ ಕೆಲಸವೂ ಅಲ್ಲ. ಹೊರಬಂದದ್ದೇ ನೂರು, ಅಷ್ಟೆ. ಅದಕ್ಕೇ ಯೇಗರ್ ಅದನ್ನು ಮುಖ್ಯ ಪಟ್ಟಿಯಲ್ಲಿ ಇಟ್ಟಿರುವುದು. ಈ ಒಂದು ಸಂಗತಿ ಮನಸ್ಸಿನಲ್ಲಿರಲಿ. ಬೆಲೆಯ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಹಾಗಾದ್ರೆ ಯಾಕೆ ಇಷ್ಟು ಕಡಿಮೆ ಹೊಡೆದರು?

1917ರ ಜರ್ಮನಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಹಿಂದಿನ ಚಳಿಗಾಲಕ್ಕೆ 'ಟರ್ನಿಪ್ ಚಳಿಗಾಲ' ಅಂತಲೇ ಹೆಸರು. ಆಲೂಗಡ್ಡೆ ಬೆಳೆ ಕೈಕೊಟ್ಟು, ದನಕ್ಕೆ ಹಾಕುವ ಗೆಡ್ಡೆ ತಿಂದು ಜನ ದಿನ ದೂಡಿದ್ದರು. 10 ಫೆನಿಗ್ ನಾಣ್ಯ ಸತುವಿಗೂ ಬಂತು, 1 ಫೆನಿಗ್ ಅಲ್ಯೂಮಿನಿಯಂಗೆ ಇಳಿಯಿತು. ಬೆಳ್ಳಿ ಪೂರ್ತಿ ನಿಂತಿರಲಿಲ್ಲ. ಚಿಲ್ಲರೆ ಸಾಲದೆ ಅರ್ಧ ಮಾರ್ಕಿನ ಸಣ್ಣ ಬೆಳ್ಳಿ ನಾಣ್ಯವನ್ನು 1919ರವರೆಗೂ ಹೊಡೆಯುತ್ತಲೇ ಇದ್ದರು. ಆದರೆ ಉತ್ಸವದ ನೆನಪಿಗೆ ದೊಡ್ಡ ಬೆಳ್ಳಿ ನಾಣ್ಯ ಲಕ್ಷಗಟ್ಟಲೆ ಹೊಡೆಯುವ ಕಾಲ ಅದಾಗಿರಲಿಲ್ಲ. ಹೊಡೆದಿದ್ದರೂ ಜನ ಅದನ್ನು ಖರ್ಚು ಮಾಡದೆ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದರು.

ಅದೇ ವರ್ಷ ಮಾರ್ಚ್‌ನಲ್ಲಿ ಚರ್ಚ್ ಗಂಟೆಗಳನ್ನು ಇಳಿಸಿ ಸೇನೆಗೆ ಕೊಡಬೇಕು ಅಂತ ಆಜ್ಞೆ ಬಂತು. ಆರ್ಗನ್ ವಾದ್ಯದ ತವರದ ಕೊಳವೆಗಳನ್ನೂ ಕಿತ್ತುಕೊಂಡು ಹೋದರು. ಅಂದರೆ ಲೂಥರ್‌ನ ಸುಧಾರಣೆಯ 400ನೇ ವರ್ಷದ ಹಬ್ಬಕ್ಕೆ ಎಷ್ಟೋ ಲೂಥರನ್ ಚರ್ಚುಗಳಲ್ಲಿ ಬಾರಿಸಲು ಗಂಟೆಯೇ ಇರಲಿಲ್ಲ. ಅಂಥ ಹೊತ್ತಲ್ಲಿ ನೂರು ನಾಣ್ಯ ಹೊಡೆದರಲ್ಲ ಅನ್ನುವುದೇ ನನಗೆ ಸೋಜಿಗ.

ಯುದ್ಧದ ಕೊನೆಯ ವರ್ಷಗಳಲ್ಲಿ ಇದೊಂದೇ ಹೀಗಾದದ್ದಲ್ಲ. ವುರ್ಟೆಂಬರ್ಗ್ ದೊರೆ ಪಟ್ಟಕ್ಕೆ ಬಂದು 25 ವರ್ಷವಾದ ನೆನಪಿನ 1916ರ 3 ಮಾರ್ಕ್ ಹೊಡೆದದ್ದು 1,000. ಹೆಸ್ಸೆಯ 1917ರ 3 ಮಾರ್ಕ್ 1,333. ಬವೇರಿಯದ ರಾಜ ಮೂರನೇ ಲುಡ್ವಿಗ್ ದಂಪತಿಯ ಮದುವೆಯ ಸುವರ್ಣ ವರ್ಷಕ್ಕೆ 1918ರಲ್ಲಿ ಹೊಡೆದದ್ದು ಬರೀ 130. ಎಲ್ಲ ರಾಜ್ಯಗಳೂ ಮರ್ಯಾದೆಗೆ ಅಂತ ಒಂದಿಷ್ಟು ಹೊಡೆದು ಕೈತೊಳೆದುಕೊಂಡಂತಿದೆ. ಸ್ಯಾಕ್ಸನಿ ಎಲ್ಲರಿಗಿಂತ ಜಿಪುಣ.

ನಾಣ್ಯದ ಮೇಲಿರುವುದು ಆಗಿನ ರಾಜನಾ?

ಅಲ್ಲ. ಆಗಿನ ರಾಜ ಮೂರನೇ ಫ್ರೀಡ್ರಿಖ್ ಆಗಸ್ಟ್. ನಾಣ್ಯದಲ್ಲಿ ಇರುವವನು ಅವನಿಗಿಂತ ನಾಲ್ಕು ಶತಮಾನ ಹಿಂದಿನವನು. ಜಾಣ ಫ್ರೀಡ್ರಿಖ್ (1463–1525) 1486ರಿಂದ ಸಾಯುವವರೆಗೆ ಸ್ಯಾಕ್ಸನಿಯ ಎಲೆಕ್ಟರ್ ಆಗಿದ್ದ. ಎಲೆಕ್ಟರ್ ಅಂದರೆ ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ದೊರೆ. 1502ರಲ್ಲಿ ವಿಟೆನ್‌ಬರ್ಗ್ ವಿಶ್ವವಿದ್ಯಾಲಯ ಕಟ್ಟಿದ್ದು ಅವನೇ. ಅಲ್ಲಿ ಮೇಷ್ಟ್ರಾಗಿ ಬಂದವನು ಲೂಥರ್. 1521ರಲ್ಲಿ ಲೂಥರ್ ಮೇಲೆ ಚಕ್ರವರ್ತಿಯ ಬಹಿಷ್ಕಾರ ಬಿದ್ದಾಗ, ದಾರಿಯಲ್ಲಿ ಅಪಹರಣದ ನಾಟಕ ಆಡಿಸಿ, ಅವನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟು ಕಾಪಾಡಿದ್ದೂ ಅವನೇ. ಜಾಣ ಅನ್ನುವ ಹೆಸರು ಸುಮ್ನೆ ಬರಲಿಲ್ಲ.

ಇನ್ನು ಫ್ರೀಡ್ರಿಖ್ ತಾನೇ ಹೊಡೆಸಿದ ನಾಣ್ಯಗಳೂ ಸಂಗ್ರಹಕಾರರಿಗೆ ಬಹಳ ಪ್ರೀತಿ. ಸ್ಯಾಕ್ಸನಿಯ ಎರ್ಟ್ಸ್‌ಗೆಬಿರ್ಗ ಬೆಟ್ಟಗಳಲ್ಲಿ ಆಗ ಬೆಳ್ಳಿ ಹೇರಳವಾಗಿ ಸಿಗುತ್ತಿತ್ತು. 1500ರಿಂದ ಅವನೂ ಅವನ ಮನೆತನದವರೂ ಸೇರಿ ದೊಡ್ಡ ಬೆಳ್ಳಿ ನಾಣ್ಯ ತಂದರು. ಅದರ ಒಂದು ಬದಿಯಲ್ಲಿ ಮಡಿಚಿದ ಟೋಪಿ ಹಾಕಿದ ಇಬ್ಬರು ದೊರೆಗಳ ಮುಖಗಳು ಎದುರುಬದುರಾಗಿವೆ. ಜನ ಅದಕ್ಕೆ 'ಮಡಿಕೆ ಟೋಪಿ ಟಾಲರ್' ಅಂತ ಅಡ್ಡಹೆಸರಿಟ್ಟರು. ಅದು ಐದು ಶತಮಾನ ಹಳೆಯದು. ಆದರೂ ಅದರ ಸಾಧಾರಣ ತುಣುಕು ನಮ್ಮ 1917ರ ನಾಣ್ಯಕ್ಕಿಂತ ಎಷ್ಟೋ ಅಗ್ಗ. ಹಳೆಯದು ಅಂದರೆ ದುಬಾರಿ ಅಂತ ನಂಬಿದವರು ಇದನ್ನು ಗಮನಿಸಿ.

ರಾಜನೇ ಕ್ಯಾಥೊಲಿಕ್ ಆಗಿದ್ದನಂತೆ. ಮತ್ತೆ ಲೂಥರ್‌ನ ಹಬ್ಬಕ್ಕೆ ನಾಣ್ಯ ಹೇಗೆ?

ಹೌದು, ಈ ಗೋಜಲೇ ಕಥೆಯ ಮಜಾ. ಸ್ಯಾಕ್ಸನಿಯ ಪ್ರಜೆಗಳು ಬಹುಪಾಲು ಲೂಥರನ್. ಆದರೆ 1697ರಲ್ಲಿ ಅಲ್ಲಿನ ದೊರೆ 'ಬಲಶಾಲಿ' ಆಗಸ್ಟ್ ಪೋಲೆಂಡ್ ಸಿಂಹಾಸನದ ಆಸೆಗೆ ಕ್ಯಾಥೊಲಿಕ್ ಆದ. ಅವನ ವಂಶ ಕ್ಯಾಥೊಲಿಕ್ ಆಗಿಯೇ ಉಳಿಯಿತು. ಹಾಗಾಗಿ 1917ರಲ್ಲಿ ಕ್ಯಾಥೊಲಿಕ್ ರಾಜನ ಸರ್ಕಾರ ಲೂಥರ್‌ನನ್ನು ಕಾಪಾಡಿದವನ ಮುಖ ಹಾಕಿ ನಾಣ್ಯ ಹೊಡೆಸಿತು.

ಇನ್ನೂ ಇದೆ. ನಾಣ್ಯದಲ್ಲಿರುವ ಫ್ರೀಡ್ರಿಖ್ ಈ ರಾಜನ ನೇರ ಪೂರ್ವಜನೇ ಅಲ್ಲ. 1485ರಲ್ಲಿ ಎರ್ನ್‌ಸ್ಟ್ ಮತ್ತು ಆಲ್ಬ್ರೆಖ್ಟ್ ಅನ್ನುವ ಅಣ್ಣತಮ್ಮಂದಿರು ಸ್ಯಾಕ್ಸನಿಯನ್ನು ಪಾಲು ಮಾಡಿಕೊಂಡರು. ಫ್ರೀಡ್ರಿಖ್ ಎರ್ನ್‌ಸ್ಟ್‌ನ ಮಗ. 1917ರ ರಾಜ ಆಲ್ಬ್ರೆಖ್ಟ್‌ನ ಕಡೆಯವನು. 1547ರ ಮ್ಯೂಲ್‌ಬರ್ಗ್ ಯುದ್ಧದ ನಂತರ ಎಲೆಕ್ಟರ್ ಪಟ್ಟ ಎರ್ನ್‌ಸ್ಟ್ ಕಡೆಯಿಂದ ಆಲ್ಬ್ರೆಖ್ಟ್ ಕಡೆಗೆ ಕೈ ಬದಲಾಯಿತು. ಅಂದರೆ ದಾಯಾದಿ ಅಜ್ಜನ ಮುಖವನ್ನು ನಾಣ್ಯಕ್ಕೆ ಹಾಕಿದಂತಾಯಿತು.

ಸುಧಾರಣೆ ಶುರುವಾದ ವಿಟೆನ್‌ಬರ್ಗ್ ಊರಾದರೂ ಸ್ಯಾಕ್ಸನಿಯಲ್ಲಿ ಉಳಿದಿತ್ತಾ? ಅದೂ ಇಲ್ಲ. 1813ರ ಲೈಪ್‌ಜಿಗ್ ಕದನದಲ್ಲಿ ಸ್ಯಾಕ್ಸನಿ ನೆಪೋಲಿಯನ್ ಕಡೆ ಇತ್ತು. ಅದರ ಸೈನಿಕರು ಪಕ್ಷ ಬದಲಾಯಿಸಿದ್ದು ಕದನದ ನಡುವೆ. ಅದಕ್ಕೆ ದಂಡವಾಗಿ 1815ರಲ್ಲಿ ರಾಜ್ಯದ ದೊಡ್ಡ ಭಾಗ ಪಕ್ಕದ ಜರ್ಮನ್ ರಾಜ್ಯ ಪ್ರಷ್ಯದ ಪಾಲಾಯಿತು. ವಿಟೆನ್‌ಬರ್ಗ್ ಕೂಡ ಹೋಯಿತು. ಈಗ ಯೇಗರ್ 140 ನೆನಪಿಸಿಕೊಳ್ಳಿ. ಸೋತ ಕದನದ ಸ್ಮಾರಕಕ್ಕೆ ಸ್ಯಾಕ್ಸನಿ 10 ಲಕ್ಷ ನಾಣ್ಯ ಹೊಡೆಯಿತು, ಆ ಸೋಲಿನಲ್ಲಿ ಕಳೆದುಕೊಂಡ ಊರಿನ ಹಬ್ಬಕ್ಕೆ ನೂರು.

ರಾಜ ಮರುವರ್ಷ, 1918ರ ನವೆಂಬರ್‌ನಲ್ಲಿ ಪಟ್ಟ ಬಿಟ್ಟು ಇಳಿದ. ಸ್ಯಾಕ್ಸನಿ ರಾಜ್ಯದ ನಾಣ್ಯಗಳ ಸಾಲು ಯೇಗರ್ 141ಕ್ಕೆ ಮುಗಿಯಿತು.

ಎಲ್ಲಿ ಹೊಡೆದದ್ದು? ಟಂಕಸಾಲೆ ಗುರುತು ಯಾವುದು?

ಗುರುತು 'E' ಅಕ್ಷರ. ಫ್ರೈಬರ್ಗ್ ಪಟ್ಟಣದ ಹತ್ತಿರದ ಮುಲ್ಡೆನ್‌ಹ್ಯುಟೆನ್ ಟಂಕಸಾಲೆಯದ್ದು. 1887ರಲ್ಲಿ ಸ್ಯಾಕ್ಸನಿಯ ಟಂಕಸಾಲೆಯನ್ನು ಡ್ರೆಸ್ಡೆನ್‌ನಿಂದ ಅಲ್ಲಿಗೆ ಸಾಗಿಸಿದರು. ಬೆಳ್ಳಿ ಕರಗಿಸುವ ಕಾರ್ಖಾನೆಗಳು ಮೊದಲಿಂದಲೂ ಆ ಜಾಗದಲ್ಲಿದ್ದವು. ಶತಮಾನಗಳಿಂದ ಬೆಳ್ಳಿ ತೆಗೆಯುತ್ತಿದ್ದ ಫ್ರೈಬರ್ಗ್‌ನ ಸರ್ಕಾರಿ ಗಣಿಗಳು 1913ರಲ್ಲಿ ಮುಚ್ಚಿದವು. ಆ ಕಾಲಕ್ಕೆ ಅಲ್ಲಿ ಅಚ್ಚು ಕೆತ್ತುತ್ತಿದ್ದವನು ಫ್ರೀಡ್ರಿಖ್ ವಿಲ್ಹೆಲ್ಮ್ ಹೋರ್ನ್‌ಲೈನ್ ಅನ್ನುವ ಒಳ್ಳೆಯ ಪದಕ ಕಲಾವಿದ. ಟಂಕಸಾಲೆ 1953ರಲ್ಲಿ ಬಾಗಿಲು ಹಾಕಿತು.

ತೂಕ, ಅಳತೆ, ಲೋಹ?

16.667 ಗ್ರಾಂ. ಅಡ್ಡಳತೆ 33 ಮಿ.ಮೀ. ಸಾವಿರಕ್ಕೆ 900 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಶುದ್ಧ ಬೆಳ್ಳಿ ಲೆಕ್ಕ ಹಾಕಿದರೆ 15 ಗ್ರಾಂ. ಅಂಚಿನ ಮೇಲೆ ಜರ್ಮನ್ ಭಾಷೆಯಲ್ಲಿ 'ಗಾಟ್ ಮಿಟ್ ಉನ್ಸ್', ಅಂದರೆ 'ದೇವರು ನಮ್ಮ ಜೊತೆ' ಅನ್ನುವ ಬರಹ.

ಮೂರು ಮಾರ್ಕ್ ಅಂತ ಯಾಕೆ? ಎರಡು, ಐದು ಇದ್ದರೆ ಸಾಲದಾ?

ಹಳೆಯ ಟಾಲರ್ ನಾಣ್ಯದ ನೆನಪು. ಸಾಮ್ರಾಜ್ಯ ಬಂದು ಮಾರ್ಕ್ ಶುರುವಾದ ಮೇಲೂ ಜನ ಟಾಲರ್ ಬಿಡಲಿಲ್ಲ. ಅದು 3 ಮಾರ್ಕ್ ಲೆಕ್ಕದಲ್ಲಿ ಓಡುತ್ತಿತ್ತು. 1907ರಲ್ಲಿ ಟಾಲರ್ ಚಲಾವಣೆ ನಿಂತಾಗ ಜನರ ಕೈಗೆ ಅಭ್ಯಾಸವಾಗಿದ್ದ ಬೆಲೆಗೇ 1908ರಿಂದ 3 ಮಾರ್ಕ್ ನಾಣ್ಯ ತಂದರು.

ನೂರಕ್ಕಿಂತ ಕಡಿಮೆ ಇರುವ ಜರ್ಮನ್ ನಾಣ್ಯಗಳೂ ಇವೆಯಲ್ಲ? ಮತ್ತೆ ಇದಕ್ಕೇ ಯಾಕೆ ಇಷ್ಟು ಹೆಸರು?

ಒಳ್ಳೆ ಪ್ರಶ್ನೆ. ಮಾದರಿ ನಾಣ್ಯಗಳಲ್ಲಿ ಐದಾರು ಮಾತ್ರ ಗೊತ್ತಿರುವವು, ಒಂದೇ ಒಂದು ಇರುವವು ಕೂಡ ಇವೆ. ಅವುಗಳಲ್ಲಿ ಎಷ್ಟೋ ಕೆಲವು ನೂರು ಅಥವಾ ಕೆಲವು ಸಾವಿರ ಯೂರೋಗೆ ಮಾರಾಟವಾಗುತ್ತವೆ. ನೂರು ಇರುವ ಇದು ಅವಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಕಾರಣ, ಬೆಲೆ ನಿಂತಿರುವುದು ನಾಣ್ಯ ಎಷ್ಟಿವೆ ಅನ್ನುವುದರ ಮೇಲೆ ಅಲ್ಲ, ಬೇಕು ಅನ್ನುವವರು ಎಷ್ಟು ಜನ ಅನ್ನುವುದರ ಮೇಲೆ. ಜರ್ಮನಿಯಲ್ಲಿ ಸಾಮ್ರಾಜ್ಯ ಕಾಲದ ಬೆಳ್ಳಿ ನಾಣ್ಯಗಳನ್ನು ಯೇಗರ್ ನಂಬರಿನ ಪ್ರಕಾರ ಒಂದೊಂದಾಗಿ ಪೂರ್ತಿ ಮಾಡುವವರು ಬಹಳ. ಆಲ್ಬಮ್‌ನಲ್ಲಿ ಪ್ರತಿ ನಂಬರಿಗೂ ಒಂದು ಗುಂಡಿ. ಆ ಗುಂಡಿಗಳೆಲ್ಲ ವರ್ಷಾನುಗಟ್ಟಲೆ ತುಂಬುತ್ತಾ ಬಂದು, ಕೊನೆಗೆ 141 ಖಾಲಿ ಉಳಿಯುತ್ತದೆ. ಅದನ್ನು ತುಂಬದೆ ಸಂಗ್ರಹ ಪೂರ್ತಿ ಅನ್ನಿಸಿಕೊಳ್ಳುವುದಿಲ್ಲ. ಮಾದರಿ ನಾಣ್ಯಕ್ಕೆ ಆ ಆಲ್ಬಮ್‌ನಲ್ಲಿ ಗುಂಡಿಯೇ ಇಲ್ಲ. ಅದು ಇಲ್ಲದಿದ್ದರೂ ಯಾರಿಗೂ ನಿದ್ದೆ ಕೆಡುವುದಿಲ್ಲ.

ಹಾಗಾಗಿಯೇ ನನಗೆ ಅನ್ನಿಸುವುದು: ನಿಜವಾದ ಅಪರೂಪ ಬೇಕು, ದುಡ್ಡು ಮಾತ್ರ ಮಿತಿಯಲ್ಲಿರಬೇಕು ಅನ್ನುವವರು ಪ್ರೋಬಗಳ ಕಡೆ ನೋಡಬೇಕು. ಆದರೆ ಪ್ರತಿಯೊಂದಕ್ಕೂ 'ಇದನ್ನು ಹೊಡೆಸಿದ್ದು ಯಾರು?' ಅಂತ ಕೇಳಿಯೇ ಕೊಳ್ಳಬೇಕು. ಟಂಕಸಾಲೆಯೋ, ಕಲಾವಿದನೋ, ಇಲ್ಲಾ ಮೊನ್ನೆ ಮೊನ್ನೆ ಯಾರೋ ಮಾಡಿಸಿದ್ದೋ? ಮೂರನ್ನೂ ಒಂದೇ ಹೆಸರಲ್ಲಿ ಮಾರುವವರಿದ್ದಾರೆ.

ಸರಿ, ಬೆಲೆ ಎಷ್ಟು?

ಅಸಲಿ ನಾಣ್ಯಕ್ಕೆ ಹತ್ತಾರು ಸಾವಿರ ಯೂರೋ. ಚೆನ್ನಾಗಿ ಉಳಿದಿರುವುದು ಹರಾಜಿಗೆ ಬಂದರೆ ಲಕ್ಷ ಯೂರೋ ಕಡೆಗೆ ಹೋಗುತ್ತದೆ. ಅದರ ಮೇಲೆ ಹರಾಜು ಸಂಸ್ಥೆಯ ಕಮಿಷನ್ ಬೇರೆ. ಯುರೋಪಿನಲ್ಲಿ ಅದು ಸಾಮಾನ್ಯವಾಗಿ ಕೂಗಿದ ಬೆಲೆಯ ಐದನೇ ಒಂದು ಭಾಗ ಅಥವಾ ಇನ್ನೂ ಜಾಸ್ತಿ. ಫೋಟೋ ನೋಡಿ ಯಾರಾದರೂ "ಐದು ಸಾವಿರ ರೂಪಾಯಿಗೆ ಕೊಡ್ತೀನಿ" ಅಂದರೆ, ಅವರು ನಿಮಗೆ ಉಪಕಾರ ಮಾಡುತ್ತಿಲ್ಲ.

ನನ್ನ ಹತ್ರ ಇರುವುದು ಅಸಲಿಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ಅಸಲಿ ಅಂತ ಮನೆಯಲ್ಲಿ ತೀರ್ಮಾನ ಮಾಡಲು ಆಗುವುದಿಲ್ಲ. ನಕಲಿ ಅಂತ ತೀರ್ಮಾನ ಮಾಡಲು ಬಹಳ ಸಲ ಆಗುತ್ತದೆ. ಈ ನಾಣ್ಯದ ನಕಲುಗಳು ರಾಶಿ ರಾಶಿ ಇವೆ. ಕೆಲವನ್ನು ನಕಲು ಅಂತ ಹೇಳಿಯೇ ಖಾಲಿ ಗುಂಡಿ ತುಂಬಲು ಮಾರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಅದೇ ನಕಲು ನಾಲ್ಕು ಕೈ ದಾಟಿದ ಮೇಲೆ ಅಸಲಿ ಆಗಿಬಿಡುತ್ತದೆ, ತೊಂದರೆ ಅಲ್ಲಿ.

ಮೊದಲು ಅಂಚು ನೋಡಿ. ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಬರಹ ಇಲ್ಲದೆ ನುಣ್ಣಗಿದ್ದರೆ ಅಥವಾ ಬರೀ ಗೆರೆಗೆರೆ ಇದ್ದರೆ ಅಲ್ಲಿಗೆ ಮುಗಿಯಿತು. ಅಂಚಿನ ನಡುವೆ ಸುತ್ತಲೂ ಸಣ್ಣ ಕೂಡುಗೆರೆ ಕಂಡರೆ ಎರಕ ಹೊಯ್ದದ್ದು. ಎಲ್ಲಾದರೂ 'ಕಾಪಿ' ಅಂತ ಸಣ್ಣದಾಗಿ ಒತ್ತಿದ್ದಾರಾ, ಒತ್ತಿದ ಜಾಗವನ್ನು ಉಜ್ಜಿ ಅಳಿಸಿದ್ದಾರಾ ಅಂತಲೂ ನೋಡಿ. ಆಯಸ್ಕಾಂತಕ್ಕೆ ಅಂಟಿದರೆ ಕೇಳುವುದೇ ಬೇಡ.

ಆಮೇಲೆ ಚಿನ್ನದಂಗಡಿಯವರ ಹತ್ರ ಇರುವಂಥ, ಗ್ರಾಂನ ನೂರನೇ ಭಾಗ ತೋರಿಸುವ ತಕ್ಕಡಿ ಬೇಕು. ಅಳತೆ ಸರಿಯಾಗಿದ್ದು ತೂಕ 14 ಗ್ರಾಂ ಆಸುಪಾಸು ಬಂದರೆ ಹಿತ್ತಾಳೆಯ ಮೇಲೆ ಬೆಳ್ಳಿ ನೀರು ಹಾಕಿರಬಹುದು. ತೂಕ 16.6 ಸುತ್ತ ಬಂದರೆ ಇನ್ನೊಂದು ಪರೀಕ್ಷೆ ಮಾಡಿ. ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳುವಾದ ನೂಲು ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಿ. 900 ಬೆಳ್ಳಿ ಆಗಿದ್ದರೆ ತಕ್ಕಡಿ 1.62 ಗ್ರಾಂ ಹತ್ರ ತೋರಿಸುತ್ತದೆ. ಅದೇ ತೂಕದ ಹಿತ್ತಾಳೆ ಆದರೆ 1.9 ದಾಟುತ್ತದೆ. ತಾಮ್ರ ನಿಕ್ಕಲ್ ಬೆರಕೆ ಆದರೆ 1.87 ಸುಮಾರು. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಒಮ್ಮೆ ಅಲುಗಾಡಿಸಿ. ಪ್ರೂಫ್ ನಾಣ್ಯದ, ಅಂದರೆ ಹೊಳಪು ಕೊಟ್ಟ ಅಚ್ಚಿನಲ್ಲಿ ವಿಶೇಷವಾಗಿ ಹೊಡೆದ ನಾಣ್ಯದ ಮೇಲೆ ಮಾತ್ರ ಈ ನೂಲು, ನೀರಿನ ಕಸರತ್ತು ಬೇಡ. ಕನ್ನಡಿಯಂಥ ಮೈ ಕೆಡುತ್ತದೆ.

ಇಲ್ಲೊಂದು ತೊಡಕಿದೆ. ಶುದ್ಧ ಬೆಳ್ಳಿಯ ನಕಲಿಗೆ ಇದೇ ಅಂಕಿ 1.59 ಬರುತ್ತದೆ. ಮನೆಯ ತಕ್ಕಡಿಯಲ್ಲಿ 1.59ಕ್ಕೂ 1.62ಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ಸರಿಯಾದ 900 ಬೆಳ್ಳಿಯಲ್ಲೇ ಮಾಡಿದ ನಕಲು ಬಂದರಂತೂ ತಕ್ಕಡಿಗೆ ಏನೂ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದೆ ಅಸಲಿ ನಾಣ್ಯದ ದೊಡ್ಡ ಫೋಟೋ ಪಕ್ಕಕ್ಕಿಟ್ಟುಕೊಂಡು ಅಕ್ಷರದ ಮೂಲೆ, ಹದ್ದಿನ ಗರಿ ಒಂದೊಂದೇ ಹೋಲಿಸಿ ನೋಡುವ ಪರಿಣತರ ಕೆಲಸ. ಅವರು ಮೊದಲು ಕೇಳುವುದೂ ನಾಣ್ಯವನ್ನಲ್ಲ, "ಇದು ಎಲ್ಲಿಂದ ಬಂತು?" ಅನ್ನುವುದನ್ನು. ಇರುವುದೇ ನೂರು ಅಂದಮೇಲೆ ಹಳೆಯ ಹರಾಜಿನ ಪುಸ್ತಕ, ರಸೀದಿ, ಯಾರ ಸಂಗ್ರಹದಲ್ಲಿತ್ತು ಅನ್ನುವ ದಾಖಲೆಗೆ ಬೆಳ್ಳಿಗಿಂತ ಜಾಸ್ತಿ ತೂಕ.

ಟಂಕಸಾಲೆಯಲ್ಲೇ, ಅಸಲಿ ಅಚ್ಚಿನಿಂದಲೇ ಆಮೇಲೆ ಹೊಡೆದರೆ ಅದು ಅಸಲಿ ತಾನೇ?

ಈ ಪ್ರಶ್ನೆ ಜರ್ಮನಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಬಂದಿದೆ. ನಮ್ಮ ನಾಣ್ಯದ ವಿಷಯದಲ್ಲಲ್ಲ, ಪಶ್ಚಿಮ ಜರ್ಮನಿಯ ಕಾರ್ಲ್ಸ್‌ರೂಹ ಟಂಕಸಾಲೆಯ ವಿಷಯದಲ್ಲಿ.

1950ರಲ್ಲಿ ಆ ಟಂಕಸಾಲೆ 50 ಫೆನಿಗ್ ನಾಣ್ಯವನ್ನು ತಪ್ಪಾಗಿ ಹಳೆಯ ಬ್ಯಾಂಕ್ ಹೆಸರಿನ ಅಚ್ಚಿನಲ್ಲಿ ಹೊಡೆಯಿತು. 30,000 ಆದವು. ಸಂಗ್ರಹಕಾರರ ಕಣ್ಣಿಗೆ ಅದು ಚಿನ್ನವಾಯಿತು. 1970ರ ದಶಕದಲ್ಲಿ ಹೊರಬಿದ್ದ ಸುದ್ದಿ ಏನೆಂದರೆ, ಟಂಕಸಾಲೆಯ ಒಳಗಿನವರೇ ಇಂಥ ಅಪರೂಪದ ನಾಣ್ಯಗಳನ್ನು ಅಲ್ಲಿಯ ಅಚ್ಚು, ಅಲ್ಲಿಯ ಯಂತ್ರದಲ್ಲೇ ಗುಟ್ಟಾಗಿ ಮತ್ತೆ ಹೊಡೆದಿದ್ದರು. ಲೋಹ ಅದೇ, ಅಚ್ಚು ಅದೇ, ಯಂತ್ರ ಅದೇ. ಹಾಗಾದರೆ ನಕಲಿ ಅನ್ನುವುದು ಹೇಗೆ? ನ್ಯಾಯಾಲಯ 1977ರಲ್ಲಿ ಹೇಳಿತು: ಸರ್ಕಾರದ ಆದೇಶ ಇಲ್ಲದೆ ಹೊಡೆದದ್ದು ಟಂಕಸಾಲೆಯಲ್ಲೇ ಆದರೂ ಖೋಟಾ ನಾಣ್ಯವೇ. ಆ ನ್ಯಾಯಾಲಯ ಇರುವುದೂ ಕಾರ್ಲ್ಸ್‌ರೂಹ ಊರಿನಲ್ಲೇ.

ನಾನು ಹೊಡೆಸಿದ್ದು ಯಾರು ಅಂತ ಕೇಳಿ ಅಂದದ್ದು ಇದಕ್ಕೇ. ನಾಣ್ಯವನ್ನು ನಾಣ್ಯ ಮಾಡುವುದು ಯಂತ್ರವಲ್ಲ, ಆದೇಶ.

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಗ್ರೇಡ್ ಹಾಕಿ ಸೀಲ್ ಮಾಡಿದ್ದು ಸಿಕ್ಕರೆ ನಂಬಬಹುದಾ?

ಪೆಟ್ಟಿಗೆಯನ್ನೂ ನಕಲು ಮಾಡುತ್ತಾರೆ. ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳೆರಡರ ಹೆಸರಲ್ಲೂ ಖೋಟಾ ಪೆಟ್ಟಿಗೆಗಳು ಓಡಾಡುತ್ತಿವೆ. ಮೇಲಿರುವ ಸರ್ಟಿಫಿಕೇಟ್ ನಂಬರನ್ನು ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಹಾಕಿ, ಅಲ್ಲಿಯ ಫೋಟೋದಲ್ಲಿರುವ ಗೀರು, ಕಲೆ ನಿಮ್ಮ ನಾಣ್ಯಕ್ಕೂ ಹೊಂದುತ್ತಾ ನೋಡಿ. ನಂಬರು ಹೊಂದಿದರೆ ಸಾಲದು. ಅಸಲಿ ನಂಬರನ್ನೇ ಕದ್ದು ಹಾಕಿರುತ್ತಾರೆ.

ಕಪ್ಪಾಗಿದೆ, ತೊಳೆಯಬಹುದಾ?

ಬೇಡ. ಹುಣಸೆಹಣ್ಣು, ಟೂತ್‌ಪೇಸ್ಟ್, ವಿಭೂತಿ ಯಾವುದೂ ಬೇಡ.

ಇಷ್ಟೆಲ್ಲ ದುಡ್ಡಿಲ್ಲ. ಇದೇ ಕಥೆಗೆ ಸೇರಿದ, ಕೈಗೆಟುಕುವ ನಾಣ್ಯ ಯಾವುದಿದೆ?

ಬೇಕಾದಷ್ಟಿವೆ. ಯೇಗರ್ 140ನ್ನೇ ತೆಗೆದುಕೊಳ್ಳಿ. ಅದೇ ಅಳತೆ, ಅದೇ ಟಂಕಸಾಲೆ, ಅಂಚಿನಲ್ಲಿ ಅದೇ ಬರಹ. ನಕಲಿ 141ರ ಪಕ್ಕ ಇಟ್ಟು ನೋಡಲೂ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಲೂಥರ್ ವಿಷಯವೇ ಬೇಕು ಅಂದರೆ 1933ರಲ್ಲಿ ಅವನು ಹುಟ್ಟಿ 450 ವರ್ಷವಾದ ನೆನಪಿನ 2 ಮತ್ತು 5 ರೈಶ್‌ಮಾರ್ಕ್ (ಆಗಿನ ಜರ್ಮನ್ ಹಣ) ಬೆಳ್ಳಿ ನಾಣ್ಯಗಳಿವೆ. 2ರ ನಾಣ್ಯ 10 ಲಕ್ಷ, 5ರ ನಾಣ್ಯ 2 ಲಕ್ಷ ಹೊಡೆದರು. 1983ರಲ್ಲಿ 500 ವರ್ಷ ತುಂಬಿದಾಗ ಪಶ್ಚಿಮ ಜರ್ಮನಿ 5 ಮಾರ್ಕ್ ತಂದಿತು, ಅದು ತೀರಾ ಅಗ್ಗಕ್ಕೆ ಸಿಗುತ್ತದೆ. ಕಮ್ಯುನಿಸ್ಟ್ ಪೂರ್ವ ಜರ್ಮನಿಯೂ ಹಿಂದೆ ಬೀಳದೆ ವಾರ್ಟ್‌ಬರ್ಗ್ ಕೋಟೆ, ವಿಟೆನ್‌ಬರ್ಗ್ ಚರ್ಚು, ಲೂಥರ್ ಹುಟ್ಟಿದ ಮನೆ ಅಂತ 5 ಮಾರ್ಕಿನ ಸಾಲನ್ನೇ ತಂದಿತು. ದೇವರನ್ನು ನಂಬದ ಸರ್ಕಾರಕ್ಕೂ ಪ್ರವಾಸಿಗಳ ದುಡ್ಡು ಬೇಕಲ್ಲ. 2017ರಲ್ಲಿ 500ನೇ ವರ್ಷಕ್ಕೆ 20 ಯೂರೋ ಬೆಳ್ಳಿ ನಾಣ್ಯ ಬಂತು.

ನನ್ನ ಆಯ್ಕೆ ಮಾತ್ರ ಇವ್ಯಾವೂ ಅಲ್ಲ. 141 ಹೊಡೆದು ಮೂರು ನಾಲ್ಕು ವರ್ಷಕ್ಕೆ, 1920 ಮತ್ತು 1921ರಲ್ಲಿ, ಅದೇ ಸ್ಯಾಕ್ಸನಿ ಮಣ್ಣಿನ ನಾಣ್ಯ ಹೊರತಂದಿತು. ಲೋಹ ಸಿಗದೆ ಮೈಸೆನ್‌ನ ಹೆಸರಾಂತ ಪಿಂಗಾಣಿ ಕಾರ್ಖಾನೆಗೆ ಹೇಳಿ, ಕೆಂಪು ಕಂದು ಬಣ್ಣದ ಗಟ್ಟಿ ಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಟ್ಟು ಮಾಡಿಸಿದ್ದು. 20 ಫೆನಿಗ್‌ನಿಂದ 20 ಮಾರ್ಕ್‌ವರೆಗೆ ಇವೆ. ಮೈಸೆನ್‌ನ ಗುರುತಾದ ಎರಡು ಅಡ್ಡ ಕತ್ತಿಗಳನ್ನು ಅವುಗಳ ಮೇಲೆ ನೋಡಬಹುದು. ಮುಟ್ಟಿದರೆ ನುಣುಪು, ಮೇಜಿನ ಮೇಲೆ ಹಾಕಿದರೆ ಕಲ್ಲಿನ ಸದ್ದು. ಸಣ್ಣ ಬೆಲೆಯವು ಇವತ್ತಿಗೂ ಸಾಧಾರಣ ಸಂಗ್ರಹಕಾರನ ಕೈಗೆ ಸಿಗುತ್ತವೆ.

ಜರ್ಮನಿಯಲ್ಲಿರುವ ನಮ್ಮವರು ಇಂಥ ಹಳೆ ನಾಣ್ಯ ಕೊಂಡು ಊರಿಗೆ ತಂದರೆ ಕಾನೂನಿನ ತೊಂದರೆ ಇದೆಯಾ?

ತರುವಾಗ ಕಸ್ಟಮ್ಸ್‌ನಲ್ಲಿ ಸರಿಯಾಗಿ ಹೇಳಿ, ರಸೀದಿ ಇಟ್ಟುಕೊಳ್ಳಿ. ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯ ಇರುವುದು ವಾಪಸ್ ಕಳಿಸುವುದರಲ್ಲಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದು ಯಾವ ದೇಶದ ನಾಣ್ಯ ಅಂತ ಆ ವ್ಯಾಖ್ಯೆ ಕೇಳುವುದಿಲ್ಲ. ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅದರ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. 1917ರ ನಾಣ್ಯ ನೂರು ದಾಟಿ ಆಗಲೇ ವರ್ಷಗಳಾದವು. 1913ರದ್ದೂ, ಮೈಸೆನ್‌ನ ಮಣ್ಣಿನವೂ ಅಷ್ಟೆ. ಬೆಂಗಳೂರಿಗೆ ತಂದು, ಆಮೇಲೆ ಒಳ್ಳೆ ಬೆಲೆ ಬರಲಿ ಅಂತ ಮ್ಯೂನಿಕ್ ಹರಾಜಿಗೆ ಪಾರ್ಸೆಲ್ ಹಾಕಲು ಹೋದರೆ ಸಿಕ್ಕಿಬೀಳುತ್ತೀರಿ. ಮಾರುವ ಯೋಚನೆ ಇದ್ದರೆ ನಾಣ್ಯ ಅಲ್ಲೇ ಬ್ಯಾಂಕ್ ಲಾಕರಿನಲ್ಲಿರಲಿ. ಇಲ್ಲಿಗೆ ತಂದರೆ ನೋಡಿ ಖುಷಿಪಡಲು, ಮಕ್ಕಳಿಗೆ ಬಿಟ್ಟುಹೋಗಲು ಅಂತ ತನ್ನಿ.